ಬಿಲ್ ನಮ್ಮದಲ್ಲದ ದೀಪ

(ಜುಮಾ ಖುತ್ಬಾದ ಸಾರಾಂಶ)

ಸರ್ವ ಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಹಾಬಿಗಳ ಮೇಲೆ ಅವನ ಶಾಂತಿ, ಅನುಗ್ರಹಗಳು ಇರಲಿ.

ಸಹೋದರರೇ, ಇಂದು ಆಫೀಸಿನ ಬಗ್ಗೆ ಮಾತಾಡೋಣ. ಮಿಂಬರಿನ ಮೇಲೆ ನಿಂತು ಎಸಿ, ಲೈಟು, ನಲ್ಲಿಗಳ ಮಾತು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಬೆಂಗಳೂರು, ಮಂಗಳೂರು, ದುಬೈ, ರಿಯಾದ್‌ಗಳ ದೊಡ್ಡ ಕಟ್ಟಡಗಳಲ್ಲಿ ದಿನಕ್ಕೆ ಒಂಬತ್ತು ಹತ್ತು ಗಂಟೆ ಕಳೆಯುತ್ತಾರೆ. ಕೆಲವರು ಮೇಜಿನ ಮುಂದೆ ಕೂರುತ್ತಾರೆ. ಇನ್ನು ಕೆಲವರು ಅದೇ ಕಟ್ಟಡದ ಗೇಟು ಕಾಯುತ್ತಾರೆ, ನೆಲ ಒರೆಸುತ್ತಾರೆ, ಎಸಿ ರಿಪೇರಿ ಮಾಡುತ್ತಾರೆ. ಎಚ್ಚರವಿರುವ ಸಮಯದ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲಿಯೇ ಹೋಗುತ್ತದೆ. ದೀನ್ ಇರುವುದು ಮನೆಗೆ ಮತ್ತು ಮಸೀದಿಗೆ ಮಾತ್ರ ಎಂದುಕೊಂಡರೆ ಆ ಅರ್ಧ ಬದುಕನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ಆ ಕಟ್ಟಡಗಳ ಬಾಗಿಲಲ್ಲಿ ಈಗೀಗ ಒಂದು ಫಲಕ ಕಾಣಿಸುತ್ತದೆ. ಇದು ಹಸಿರು ಕಟ್ಟಡ, ಇದಕ್ಕೆ ಪ್ಲಾಟಿನಂ ದರ್ಜೆ ಸಿಕ್ಕಿದೆ, ಗೋಲ್ಡ್ ಸಿಕ್ಕಿದೆ ಎಂದು ಅದು ಸಾರುತ್ತದೆ. ನಮ್ಮ ದೇಶಕ್ಕೆ ಇದು ತೀರಾ ಹೊಸತಲ್ಲ. ಹೈದರಾಬಾದ್‌ನ ಸೊಹ್ರಾಬ್‌ಜಿ ಗೋದ್ರೇಜ್ ಹಸಿರು ವ್ಯಾಪಾರ ಕೇಂದ್ರಕ್ಕೆ 2003ರಲ್ಲೇ ಪ್ಲಾಟಿನಂ ದರ್ಜೆ ಸಿಕ್ಕಿತ್ತು. 2004ರಲ್ಲಿ ಅದನ್ನು ಉದ್ಘಾಟಿಸಿದವರು ಆಗಿನ ರಾಷ್ಟ್ರಪತಿ ಅಬ್ದುಲ್ ಕಲಾಂ. ಅಲ್ಲಿಂದೀಚೆಗೆ ಅಂಥ ಕಟ್ಟಡಗಳು ಬಹಳ ಎದ್ದಿವೆ. ಒಳ್ಳೆಯದೇ. ಆದರೆ ಹೊಸ ಕಟ್ಟಡಕ್ಕೆ ಸಿಗುವ ಸರ್ಟಿಫಿಕೇಟು ಮುಖ್ಯವಾಗಿ ಅದನ್ನು ಹೇಗೆ ಕಟ್ಟಿದ್ದಾರೆ ಎಂಬುದಕ್ಕೆ ಸಿಗುತ್ತದೆ. ಒಳಗಿನವರು ಹೇಗೆ ಬದುಕುತ್ತಾರೆ ಎಂಬುದಕ್ಕಲ್ಲ. ಮಸೀದಿ ಚೆನ್ನಾಗಿ ಕಟ್ಟಿದ ಮಾತ್ರಕ್ಕೆ ಸಫ್ ತುಂಬುವುದಿಲ್ಲವಲ್ಲ, ಹಾಗೆ.

ಬೆಂಗಳೂರಿನ ದೊಮ್ಮಲೂರಿನಲ್ಲಿ ಟೆರಿ ಸಂಸ್ಥೆಯ ಒಂದು ಕಚೇರಿ ಇದೆ. ವಾಸ್ತುಶಿಲ್ಪಿ ಸಂಜಯ್ ಮೋಹೆಯವರ ವಿನ್ಯಾಸ. ಆ ನಿವೇಶನದ ದಕ್ಷಿಣಕ್ಕೆ ದುರ್ವಾಸನೆಯ ಚರಂಡಿ ಇತ್ತು. ಗಾಳಿ ಆ ಕಡೆಯಿಂದ ಬೀಸಿದರೆ ಒಳಗೆ ಕೂರುವಂತಿರಲಿಲ್ಲ. ಅದಕ್ಕೆ ಕಟ್ಟಡದ ಬೆನ್ನನ್ನು ದಕ್ಷಿಣಕ್ಕೆ ತಿರುಗಿಸಿ, ಆ ಗೋಡೆಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಅದರ ಹಿಂದಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಹೋಗುತ್ತದೆ, ಆ ಜಾಗ ತುಂಬಲು ಉತ್ತರದ ತಂಪು ಗಾಳಿ ಕೊಠಡಿಗಳ ಮೂಲಕ ಹರಿದು ಬರುತ್ತದೆ. ಬೆಳಕೂ ಉತ್ತರದಿಂದಲೇ. ಬಹುಪಾಲು ಜಾಗಕ್ಕೆ ಎಸಿಯ ಹಂಗು ಬೇಡ. ಎಷ್ಟು ಚೆಂದದ ಯೋಚನೆ! ಅಲ್ಲಾಹನು ಗಾಳಿಗೂ ಬಿಸಿಲಿಗೂ ಇಟ್ಟಿರುವ ನಿಯಮವನ್ನು ಅರಿತು, ಅದರ ಜೊತೆ ಹೊಂದಿಕೊಂಡು ಕಟ್ಟಿದ್ದು. ಆದರೂ ಇಂಥ ಕಟ್ಟಡದಲ್ಲಿ ಒಬ್ಬರು ಕಿಟಕಿ ಮುಚ್ಚಿ, ಪರದೆ ಎಳೆದು, ತಲೆಯ ಮೇಲಿನ ಲೈಟು ಹಾಕಿ ಕುಳಿತರೆ ಅಷ್ಟೆಲ್ಲ ಯೋಚನೆ ಆ ಮೇಜಿನ ಮಟ್ಟಿಗೆ ಸೊನ್ನೆ.

ಆ ಪರದೆಯ ವಿಷಯ ಗಾಜಿನ ಗೋಡೆಯ ಎಲ್ಲ ಆಫೀಸುಗಳಲ್ಲೂ ನಡೆಯುವಂಥದ್ದು. ಬೆಳಗ್ಗೆ ಒಂಬತ್ತಕ್ಕೆ ಕಂಪ್ಯೂಟರ್ ಪರದೆಯ ಮೇಲೆ ಬಿಸಿಲು ಬೀಳುತ್ತದೆ, ಯಾರೋ ಎದ್ದು ಕಿಟಕಿಯ ಪರದೆ ಇಳಿಸುತ್ತಾರೆ, ಕತ್ತಲಾಯಿತೆಂದು ಲೈಟು ಹಾಕುತ್ತಾರೆ. ಹನ್ನೊಂದಕ್ಕೆ ಬಿಸಿಲು ಸರಿದು ಹೋಗುತ್ತದೆ. ಪರದೆ ಮಾತ್ರ ಸಂಜೆಯವರೆಗೆ ಹಾಗೇ, ಕೆಲವು ಕಡೆ ವರ್ಷವಿಡೀ ಹಾಗೇ. ಹೊರಗೆ ಸೂರ್ಯ ಉರಿಯುತ್ತಿರುತ್ತಾನೆ, ಒಳಗೆ ನೂರು ಟ್ಯೂಬ್‌ಲೈಟು. ಇದರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಎರಡನೇ ಸಲ ಏಳಬೇಕಾದವರು ಯಾರು ಎಂಬುದು ತೀರ್ಮಾನವಾಗಿರುವುದಿಲ್ಲ, ಅಷ್ಟೆ.

ಯಂತ್ರಗಳದ್ದೇನೂ ಪಾಲಿಲ್ಲ ಎಂದು ನಾವು ಹೇಳುವುದಿಲ್ಲ. ಇನ್ಫೋಸಿಸ್ ಹೈದರಾಬಾದ್ ಬಳಿಯ ಪೋಚಾರಂನಲ್ಲಿ ಒಂದು ಕಟ್ಟಡವನ್ನು ಸರಿಯಾಗಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾಮೂಲಿ ಎಸಿಯನ್ನೂ ಇನ್ನೊಂದಕ್ಕೆ ಸೂರಿನ ಚಪ್ಪಡಿಯೊಳಗೆ ತಣ್ಣೀರು ಹರಿಸುವ ವ್ಯವಸ್ಥೆಯನ್ನೂ ಇಟ್ಟು ಹೋಲಿಸಿ ನೋಡಿತು. ತಣ್ಣೀರಿನ ಪಾಲಿಗೆ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ವಿದ್ಯುತ್ ಸಾಕಾಯಿತು. ಕಟ್ಟಿಸುವವರ ಹೊಣೆ ದೊಡ್ಡದೇ. ಆದರೆ 1970ರ ದಶಕದಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಟ್ವಿನ್ ರಿವರ್ಸ್ ಎಂಬಲ್ಲಿ ಒಂದೇ ಅಚ್ಚಿನ ಮನೆಗಳ ಲೆಕ್ಕ ತೆಗೆದಾಗ ಇನ್ನೊಂದು ಸತ್ಯ ಕಂಡಿತು. ಗೋಡೆ ಒಂದೇ, ಒಲೆ ಒಂದೇ, ಆದರೂ ಒಂದು ಮನೆ ಸುಡುತ್ತಿದ್ದ ಇಂಧನ ಇನ್ನೊಂದರ ಎರಡರಷ್ಟಿತ್ತು. ಮನೆಯವರು ಬದಲಾದಾಗ ಅದೇ ಮನೆಯ ಲೆಕ್ಕವೂ ಬದಲಾಯಿತು.

ಮನೆಯಲ್ಲಾದರೆ ತಿಂಗಳ ಕೊನೆಗೆ ಬಿಲ್ ಬರುತ್ತದೆ. ಉಮ್ಮ ಗದರುತ್ತಾರೆ, ಫ್ಯಾನ್ ಆರಿಸಿ ಬರಲು ಮಗನನ್ನು ವಾಪಸ್ ಕಳಿಸುತ್ತಾರೆ. ಆಫೀಸಿನ ಬಿಲ್ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಮನೆಯಲ್ಲಿ ಒಂದು ಬಲ್ಬಿಗಾಗಿ ಮೂರು ಸಲ ಏಳುವವನು ಆಫೀಸಿನ ಮೀಟಿಂಗ್ ಕೋಣೆಯಲ್ಲಿ ಎಸಿ, ಲೈಟು, ಗೋಡೆಯ ದೊಡ್ಡ ಟಿವಿ ಎಲ್ಲವನ್ನೂ ಬಿಟ್ಟು ಫೋನಿನಲ್ಲಿ ಮಾತಾಡುತ್ತ ಹೊರನಡೆಯುತ್ತಾನೆ. ಹಾಗಾದರೆ ಮನೆಯಲ್ಲಿ ಅವನು ಉಳಿಸುತ್ತಿದ್ದುದು ಏನನ್ನು? ಅಲ್ಲಾಹನ ಅನುಗ್ರಹವನ್ನೋ, ತನ್ನ ಜೇಬನ್ನೋ? ಪ್ರಶ್ನೆ ಕಟುವಾದರೂ ಕೇಳಿಕೊಳ್ಳಬೇಕಾದದ್ದು. ಜೇಬಿಗೆ ಪೆಟ್ಟಿಲ್ಲದ, ನೋಡುವವರಿಲ್ಲದ ಕಡೆಯಲ್ಲೇ ಅಮಾನತ್ ಪರೀಕ್ಷೆಗೆ ಬರುವುದು. ಸೇವಕನು ತನ್ನ ಯಜಮಾನನ ಸೊತ್ತಿಗೆ ಕಾವಲುಗಾರ, ಅದರ ಬಗ್ಗೆ ಅವನನ್ನು ವಿಚಾರಿಸಲಾಗುವುದು ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಸಂಬಳ ಪಡೆಯುವ ನಾವೆಲ್ಲರೂ ಆ ಮಾತಿನೊಳಗೆ ಬರುತ್ತೇವೆ. ಯಜಮಾನ ಯಾವ ಧರ್ಮದವನು, ಕಂಪನಿ ಯಾವ ದೇಶದ್ದು ಎಂಬುದಕ್ಕೆ ಅಲ್ಲಿ ಸ್ಥಾನವಿಲ್ಲ.

ಉಮರ್ ಬಿನ್ ಅಬ್ದುಲ್ ಅಝೀಝ್(ರ)ರ ದೀಪದ ಕಥೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಆಡಳಿತದ ಮಾತು ಮುಗಿದು ಮನೆಯ ಮಾತು ಶುರುವಾದಾಗ ಖಜಾನೆಯ ದೀಪ ಆರಿಸಿ ತಮ್ಮ ಸ್ವಂತ ದೀಪ ಹಚ್ಚಿದರೆಂದು ಹೇಳುತ್ತಾರೆ. ಆ ಕಥೆಯನ್ನು ಮದ್ರಸದಲ್ಲಿ ಹೇಳಿ ಮಕ್ಕಳಿಂದ ‘ಸುಬ್‌ಹಾನಲ್ಲಾಹ್’ ಹೇಳಿಸುತ್ತೇವೆ. ಅದೇ ಮಗು ದೊಡ್ಡದಾಗಿ ಆಫೀಸಿನ ಪ್ರಿಂಟರಿನಲ್ಲಿ ತಂಗಿಯ ಮದುವೆಯ ಕಾಗದಗಳನ್ನು ನೂರು ಪ್ರತಿ ತೆಗೆಯುವಾಗ ಕಥೆ ಅದರ ನೆನಪಿಗೆ ಬರುವುದಿಲ್ಲ.

ಇನ್ನು ಎಸಿ. ಜಗಳ ಹೆಚ್ಚಿರುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಲ್ಲೋಣ. ಬಿಸಿಲಿನಿಂದ ಬಂದವರು ರಿಮೋಟನ್ನು 16ಕ್ಕೋ 18ಕ್ಕೋ ಇಳಿಸುತ್ತಾರೆ. ಬೇಗ ತಣ್ಣಗಾಗಲಿ ಎಂದು. ಮಾಮೂಲಿ ಎಸಿಯ ಕಂಪ್ರೆಸರ್ ಓಡುವುದು ಒಂದೇ ವೇಗದಲ್ಲಿ. 24ಕ್ಕೆ ಇಟ್ಟರೂ 18ಕ್ಕೆ ಇಟ್ಟರೂ ಕೋಣೆ ತಣ್ಣಗಾಗುವ ವೇಗ ಬದಲಾಗುವುದಿಲ್ಲ. 18ಕ್ಕೆ ಇಟ್ಟರೆ ಅದು ನಿಲ್ಲುವುದು ತಡ, ಅಷ್ಟೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋದ ಅಂದಾಜು. 2020ರ ಜನವರಿಯಿಂದ ನಕ್ಷತ್ರ ಗುರುತಿನ ಕೋಣೆ ಎಸಿಗಳೆಲ್ಲ ಆನ್ ಮಾಡಿದೊಡನೆ 24 ಡಿಗ್ರಿಯಲ್ಲೇ ಶುರುವಾಗಬೇಕೆಂದು ನಿಯಮ ಬಂದಿದೆ. ಅದನ್ನು ಇಳಿಸುವ ಬೆರಳು ನಮ್ಮದು.

ಈ ಜಗಳದಲ್ಲಿ ಹೆಣ್ಣುಮಕ್ಕಳ ಪಕ್ಷ ಕೇಳುವವರು ಕಡಿಮೆ. ಬೆಂಗಳೂರಿನಂಥ ಊರಿನಲ್ಲಿ ಏಪ್ರಿಲ್ ತಿಂಗಳಲ್ಲೂ ಅವರು ಆಫೀಸಿಗೆ ಶಾಲು, ಸ್ವೆಟರ್ ಒಯ್ಯುತ್ತಾರೆ. ನಮ್ಮ ಮನೆಯ ಮಗಳನ್ನೋ ಸೊಸೆಯನ್ನೋ ಕೇಳಿದರೆ ಗೊತ್ತಾದೀತು. ಇದು ಅವರ ನಾಜೂಕಿನಿಂದ ಬಂದದ್ದಲ್ಲ. ಆಫೀಸಿನ ಉಷ್ಣತೆಯ ಮಾನದಂಡವನ್ನು 1960ರ ದಶಕದಲ್ಲಿ ರೂಪಿಸುವಾಗ ಸುಮಾರು 70 ಕಿಲೋ ತೂಕದ, 40 ವಯಸ್ಸಿನ ಗಂಡಸಿನ ಮೈ ಎಷ್ಟು ಶಾಖ ಹೊರಡಿಸುತ್ತದೆ ಎಂಬುದನ್ನೇ ಆಧಾರ ಮಾಡಿಕೊಂಡಿದ್ದರು. ಹೆಂಗಸರ ಮೈ ಅಷ್ಟು ಶಾಖ ಹೊರಡಿಸುವುದಿಲ್ಲ ಎಂದು 2015ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು ತೋರಿಸಿದರು. ಕೋಟು ಹಾಕಿಕೊಂಡ ಮ್ಯಾನೇಜರನ ಮೈಗೆ ತಕ್ಕಂತೆ ಇಡೀ ಮಹಡಿಯನ್ನು ತಣ್ಣಗಿಟ್ಟು, ಅರ್ಧ ಜನ ನಡುಗುವಂತೆ ಮಾಡಲು ಕರೆಂಟು ಸುಡುವುದು ಇಸ್ರಾಫ್ ಕೂಡ ಹೌದು, ಅನ್ಯಾಯ ಕೂಡ ಹೌದು. ಒಂದು ಗುಂಡಿಯಿಂದ ಎರಡನ್ನೂ ನಿಲ್ಲಿಸಬಹುದಾದಾಗ ತಡ ಯಾಕೆ?

ರಾತ್ರಿ ಮಲಗುವಾಗ ದೀಪ ಆರಿಸಿ ಎಂದು ಪ್ರವಾದಿ(ಸ)ರು ಹೇಳಿದ್ದು ಬುಖಾರಿಯಲ್ಲಿದೆ. ಅಲ್ಲಿ ಕೊಟ್ಟ ಕಾರಣ ಎಣ್ಣೆ ಉಳಿತಾಯದ್ದಲ್ಲ. ಇಲಿ ಬತ್ತಿಯನ್ನು ಎಳೆದು ಮನೆಗೆ ಬೆಂಕಿ ತಗಲೀತು ಎಂಬುದು. ಇಂದು ಬತ್ತಿ ಇಲ್ಲ, ಆದರೆ ಮೇಜಿನ ಕೆಳಗೆ ಒಂದಕ್ಕೊಂದು ಸಿಕ್ಕಿಸಿದ ಪ್ಲಗ್ಗುಗಳು, ರಾತ್ರಿಯಿಡೀ ಬಿಸಿಯಾಗುವ ಚಾರ್ಜರುಗಳು ಇವೆ. ಕಂಪ್ಯೂಟರಿನ ಮೇಲೆ ಬಣ್ಣದ ಚಿತ್ರ ಕುಣಿಯುತ್ತಿದ್ದರೆ ಅದು ನಿದ್ರಿಸುತ್ತಿದೆ ಎಂದುಕೊಳ್ಳುವವರೂ ಇದ್ದಾರೆ. ಚಿತ್ರ ಕುಣಿಸಲು ಕರೆಂಟು ಬೇಕೇ ಬೇಕು.

ಈಗ ನಾವು ನಮಾಝ್ ಮಾಡುವವರಿಗೆ ಮಾತ್ರ ಸಂಬಂಧಿಸಿದ ಮಾತಿಗೆ ಬರೋಣ. ಆಫೀಸಿನಲ್ಲಿ ವುಝೂ ಮಾಡುವಾಗ ಸಹೋದ್ಯೋಗಿಗಳು ನಮ್ಮನ್ನು ನೋಡುತ್ತಾರೆ. ಅವರು ನಮ್ಮ ಕಿತಾಬು ಓದಿರುವುದಿಲ್ಲ, ನಮ್ಮ ನಲ್ಲಿಯನ್ನು ನೋಡಿರುತ್ತಾರೆ. ನಿಮಿಷಕ್ಕೆ 10 ಲೀಟರ್ ಸುರಿಯುವ ನಲ್ಲಿಯನ್ನು ಪೂರ್ತಿ ತಿರುಗಿಸಿ ಎರಡು ನಿಮಿಷ ನಿಂತರೆ 20 ಲೀಟರ್ ಹೋಯಿತು. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಅನಸ್(ರ) ವರದಿ ಮಾಡಿದ್ದಾರೆ. ಮುದ್ದ್ ಎಂದರೆ ಎರಡು ಅಂಗೈ ಕೂಡಿಸಿ ಹಿಡಿದಷ್ಟು. ಶಾಫಿಈ ಲೆಕ್ಕದಲ್ಲಿ ಮುಕ್ಕಾಲು ಲೀಟರ್ ಆಸುಪಾಸು, ಹನಫೀ ಲೆಕ್ಕದಲ್ಲಿ ಅದಕ್ಕಿಂತ ತುಸು ಹೆಚ್ಚು. ನಮ್ಮ ಮೇಜಿನ ಮೇಲಿರುವ ಕುಡಿಯುವ ನೀರಿನ ಬಾಟಲಿಯಷ್ಟು! ಹರಿಯುವ ಹೊಳೆಯ ದಡದಲ್ಲಿ ಕೂತಿದ್ದರೂ ವುಝೂವಿನಲ್ಲಿ ನೀರು ಪೋಲು ಮಾಡಬಾರದೆಂಬ ಉಪದೇಶ ಇಬ್ನು ಮಾಜಃದಲ್ಲಿ ಬಂದಿದೆ. ಹೊಳೆಯ ದಡದಲ್ಲೇ ಹೀಗಾದರೆ ಎಂಟನೇ ಮಹಡಿಯ ಬೇಸಿನ್ ಮುಂದೆ ಹೇಗಿರಬೇಕು?

ಆ ಎಂಟನೇ ಮಹಡಿಯ ನೀರಿನ ಪ್ರಯಾಣವನ್ನೂ ತಿಳಿದುಕೊಳ್ಳೋಣ. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳಿಂದ ಏರಿ. ಅಂದರೆ ಅಲ್ಲಿ ಪೋಲಾದ ಪ್ರತಿ ಕೊಡದ ಜೊತೆ ವಿದ್ಯುತ್ತೂ ಪೋಲು. 2024ರ ಬೇಸಗೆ ನೆನಪಿರಲಿ. ಕೊಳವೆ ಬಾವಿಗಳು ಬತ್ತಿ, ಟ್ಯಾಂಕರಿಗೆ ಸಾಲು ನಿಂತು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಮಾರ್ಚ್‌ನಲ್ಲಿ ಸಾರಿತು. ಅದೇ ತಿಂಗಳು ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ನಲ್ಲಿಯ ಬಾಯಿಗೆ ಹಾಕುವ ಸಣ್ಣ ಜರಡಿ ಅದು, ನೀರಿಗೆ ಗಾಳಿ ಬೆರೆಸಿ ಧಾರೆಯನ್ನು ತೆಳುವಾಗಿಸುತ್ತದೆ. ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ 775 ದಶಲಕ್ಷ ಲೀಟರ್ ಬಂದಾಗ ನಗರ ನಿಟ್ಟುಸಿರು ಬಿಟ್ಟಿತು. ಕೊಲ್ಲಿಯಲ್ಲಿರುವ ನಮ್ಮವರ ಆಫೀಸುಗಳಲ್ಲಂತೂ ನಲ್ಲಿಗೆ ಬರುವ ನೀರಿನ ಬಹುಪಾಲು ಸಮುದ್ರದ್ದು. ಉಪ್ಪು ತೆಗೆಯಲು ಸುಡುವ ಇಂಧನವನ್ನು ನೆನೆದರೆ ಅಲ್ಲಿನ ಒಂದು ಬೊಗಸೆ ಇಲ್ಲಿಯದಕ್ಕಿಂತ ದುಬಾರಿ.

ನೀರಿನ ಜೊತೆ ನೆಲದ ಮಾತೂ ಇದೆ. ಬೇಸಿನ್‌ಗೆ ಕಾಲೆತ್ತಿ ತೊಳೆದು ನೆಲವೆಲ್ಲ ಕೆರೆಯಾದಾಗ ಒರೆಸುವವರು ಯಾರು? ಹೌಸ್‌ಕೀಪಿಂಗ್‌ನ ಅಕ್ಕ. ನಮ್ಮ ಇಬಾದತ್ತಿನ ಭಾರ ಆಕೆಯ ಸೊಂಟದ ಮೇಲೆ. ಒಂದು ಮಗ್ಗು ಇಟ್ಟುಕೊಳ್ಳಿ, ಟವೆಲ್ ಒಯ್ಯಿರಿ, ಒದ್ದೆಯಾದರೆ ನೀವೇ ಒರೆಸಿ. ಷರತ್ತು ಪಾಲಿಸಿ ತೊಟ್ಟ ಖುಫ್ಫ್‌ನ ಮೇಲೆ ಒದ್ದೆ ಕೈ ಸವರುವ ರಿಯಾಯಿತಿಯೂ ನಮಗಿದೆ, ಅದರ ವಿಧಿಯನ್ನು ಉಸ್ತಾದರಲ್ಲಿ ಕೇಳಿ ಕಲಿಯಿರಿ. ಕಸದ ವಿಷಯದಲ್ಲೂ ಇದೇ ಅಕ್ಕನನ್ನು ನೆನೆಯಬೇಕು. ಹಸಿರು ಕಟ್ಟಡದಲ್ಲಿ ಮೂರು ಬಣ್ಣದ ಡಬ್ಬಿಗಳಿರುತ್ತವೆ. ಚಹಾ ಉಳಿದ ಲೋಟವನ್ನು ಕಾಗದದ ಡಬ್ಬಿಗೆ ಎಸೆದರೆ ಒಳಗಿದ್ದ ಒಳ್ಳೆಯ ಕಾಗದವೂ ಹಾಳು, ಅದನ್ನು ಕೈಯಿಂದ ಬೇರ್ಪಡಿಸುವವರು ಬೇರೆಯವರು. ಆ ಕಾಗದದ ಲೋಟವೂ ಬರೀ ಕಾಗದವಲ್ಲ, ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಪದರವಿದೆ. ಮನೆಯಿಂದ ಒಂದು ಸ್ಟೀಲ್ ಲೋಟ ಒಯ್ಯಲು ಯಾವ ಕಮಿಟಿಯ ಅನುಮತಿಯೂ ಬೇಡ.

ಆಫೀಸಿನಲ್ಲಿ ನಾಲ್ಕು ಜನರ ಮೇಲೆ ಅಧಿಕಾರ ಇರುವವರಿಗೆ, ಅಂಗಡಿ ಕಾರ್ಖಾನೆ ನಡೆಸುವವರಿಗೆ ಒಂದು ಮಾತು. ‘ಇಲ್ಲಿ ಎಲ್ಲರೂ ಕರೆಂಟು ಪೋಲು ಮಾಡುತ್ತಿದ್ದಾರೆ’ ಎಂದು ಬೋರ್ಡು ಹಾಕಬೇಡಿ. ಅಮೆರಿಕದ ಅರಿಝೋನಾದಲ್ಲಿ ಕಲ್ಲಾಗಿ ಹೋದ ಪುರಾತನ ಮರಗಳ ಕಾಡಿದೆ. ಬಹಳ ಜನ ಇಲ್ಲಿಂದ ತುಂಡುಗಳನ್ನು ಒಯ್ದು ಕಾಡು ಹಾಳಾಗುತ್ತಿದೆ ಎಂದು ಫಲಕ ಹಾಕಿ ನೋಡಿದಾಗ ಕಳವು ಹೆಚ್ಚಾಯಿತು! ಎಲ್ಲರೂ ಒಯ್ಯುತ್ತಾರಂತೆ, ನಾನೂ ಒಂದು ಒಯ್ದರೇನು ಎಂದು ಮನಸ್ಸು ಹೇಳುತ್ತದೆ. ಅದೇ ಸಂಶೋಧಕ ರಾಬರ್ಟ್ ಸಿಯಾಲ್ದಿನಿ ಮತ್ತು ಜೊತೆಗಾರರು ಹೋಟೆಲಿನ ಟವೆಲುಗಳ ಮೇಲೆ ಮಾಡಿದ ಪರೀಕ್ಷೆ 2008ರಲ್ಲಿ ಪ್ರಕಟವಾಯಿತು. ಪರಿಸರ ಉಳಿಸಿ, ಟವೆಲನ್ನು ಮತ್ತೆ ಬಳಸಿ ಎಂದು ಬರೆದಾಗ ನೂರಕ್ಕೆ 35 ಮಂದಿ ಬಳಸಿದರು. ಇಲ್ಲಿ ತಂಗಿದ ಹೆಚ್ಚಿನವರು ಮತ್ತೆ ಬಳಸುತ್ತಾರೆ ಎಂದು ಬರೆದಾಗ ಅದು 44ಕ್ಕೆ ಏರಿತು. ಮನುಷ್ಯ ಸಫ್ ನೋಡಿ ನಿಲ್ಲುವವನು. ಆದ್ದರಿಂದ ಬೈಯುವ ಬದಲು ಆರಿಸಿ ಹೋದವರನ್ನು ತೋರಿಸಿ. ಯಾವ ಮಹಡಿ ಈ ತಿಂಗಳು ಎಷ್ಟು ಯೂನಿಟ್ ಬಳಸಿತು ಎಂಬುದನ್ನು ಲಿಫ್ಟಿನ ಬಳಿ ಬರೆದು ಹಾಕಿ. ಪ್ರಿಂಟರನ್ನು ಮೊದಲೇ ಎರಡೂ ಬದಿಗೆ ಅಚ್ಚಾಗುವಂತೆ ಹೊಂದಿಸಿಡಿ, ಒಂದೇ ಬದಿ ಬೇಕಾದವನು ಕಷ್ಟಪಟ್ಟು ಬದಲಿಸಿಕೊಳ್ಳಲಿ. ಒಬ್ಬರ ಹೆಸರು ಹಿಡಿದು ಮಾತ್ರ ಅವಮಾನಿಸಬೇಡಿ, ಸಹೋದರನ ಮಾನಕ್ಕೂ ನಾವು ಕಾವಲುಗಾರರೇ. ಸಂಬಳ ಕೊಡುವುದನ್ನು ತಡ ಮಾಡಿ ಕರೆಂಟು ಉಳಿಸಲು ಹೇಳಿದರೆ ಕೆಲಸಗಾರ ಕಿವಿಗೊಡುವುದಿಲ್ಲ, ಅವನನ್ನು ದೂರುವಂತೆಯೂ ಇಲ್ಲ.

ನಮಾಝ್ ಬಳಿಕ ಕೆಲವರು ಉಳಿದು ಪ್ರಶ್ನೆ ಕೇಳಿದರು. ನಮ್ಮ ಮ್ಯಾನೇಜರಿಗೆ 18 ಡಿಗ್ರಿಯೇ ಬೇಕು, ನಾವು ಯಾರೂ ಇಲ್ಲದಾಗ ಏರಿಸಿ ಬರಬಹುದೇ ಎಂದು ಒಬ್ಬ ಯುವಕ ಕೇಳಿದ. ಕದ್ದು ಬೇಡ ಎಂದೆವು. ಚಳಿಯಾಗುವ ನಾಲ್ಕು ಜನ ಸೇರಿ ಬರಹದಲ್ಲಿ ಕೇಳಿ, 24 ಎಂಬುದು ಸರಕಾರದ್ದೇ ಸಲಹೆ ಎಂದು ತಿಳಿಸಿ. ಒಪ್ಪದಿದ್ದರೆ ಆ ಲೆಕ್ಕ ಅವರದ್ದು. ನಿಮ್ಮ ಮೇಜಿನ ಸ್ವಿಚ್ಚು ನಿಮ್ಮ ಕೈಯಲ್ಲೇ ಇದೆಯಲ್ಲ.

ಇನ್ನೊಬ್ಬರು ರಾತ್ರಿ ಪಾಳಿಯ ಕಾವಲುಗಾರರು. ಹತ್ತಕ್ಕೆ ಸುತ್ತು ಹೋಗುವಾಗ ಐದು ಮಹಡಿಗಳ ಲೈಟು ತಾವೇ ಆರಿಸುತ್ತಾರಂತೆ, ಯಾರೂ ಹೇಳಿದ್ದಲ್ಲ. ಉರಿಯುತ್ತಿರುವ ಕಂಪ್ಯೂಟರುಗಳನ್ನೂ ಆರಿಸಬಹುದೇ ಎಂಬುದು ಅವರ ಪ್ರಶ್ನೆ. ಅದು ಬೇಡ, ಒಳಗೆ ಯಾರದೋ ಕೆಲಸ ಓಡುತ್ತಿರಬಹುದು, ನಷ್ಟವಾದರೆ ದೂರು ನಿಮ್ಮ ಮೇಲೆ ಬರುತ್ತದೆ ಎಂದೆವು. ಯಾವ ಮೇಜಿನಲ್ಲಿ ಎಷ್ಟು ಉರಿಯುತ್ತಿದ್ದವು ಎಂದು ಸುತ್ತಿನ ಪುಸ್ತಕದಲ್ಲಿ ಬರೆದು, ಬೆಳಗ್ಗೆ ಸೂಪರ್‌ವೈಸರಿಗೆ ತೋರಿಸುವುದೆಂದು ಮಾತಾಯಿತು. ಲೈಟು ಆರಿಸುವುದನ್ನು ಅವರು ಬಿಡುವುದಿಲ್ಲವಂತೆ.